‘ಇರಬೇಕು’ ಎಂಬ ಕ್ರಿಯಾಪದ ಮತ್ತು ವಾಲ್ಟರ್ ಟಲ್‌ರ ಬದುಕು

ಫ್ರಾನ್ಸಿನ ಅರಾಸ್ ಪಟ್ಟಣದಲ್ಲಿ ಮೊದಲ ಮಹಾಯುದ್ಧದ ಸ್ಮಾರಕವೊಂದಿದೆ. ಆ ಭಾಗದ ಕಾಳಗಗಳಲ್ಲಿ ಸತ್ತು, ಸಮಾಧಿಯ ಗುರುತೂ ಸಿಗದೆ ಹೋದ ಸುಮಾರು 35 ಸಾವಿರ ಸೈನಿಕರ ಹೆಸರುಗಳು ಅದರ ಗೋಡೆಗಳ ಮೇಲಿವೆ. ಮಿಡ್ಲ್‌ಸೆಕ್ಸ್ ರೆಜಿಮೆಂಟಿನ ಪಟ್ಟಿಯಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಟಲ್ ಎಂಬ ಹೆಸರೂ ಒಂದು. ಗೋಡೆ ಹೇಳುವುದು ಅಷ್ಟನ್ನೇ. ಇವರು ಇಂಗ್ಲೆಂಡಿನ ಮೊದಲ ದರ್ಜೆಯ ಲೀಗಿನಲ್ಲಿ ಫುಟ್‌ಬಾಲ್ ಆಡಿದ್ದರು, ಗುಲಾಮರಾಗಿದ್ದವರ ಮೊಮ್ಮಗ, ಅನಾಥಾಲಯದಲ್ಲಿ ಬೆಳೆದವರು, ಬಿಳಿಯ ಸೈನಿಕರಿಗೆ ಆಜ್ಞೆ ಕೊಟ್ಟ ಕಪ್ಪು ಅಧಿಕಾರಿ ಎಂಬ ಯಾವ ವಿವರವೂ ಅಲ್ಲಿಲ್ಲ.

ಗೋಡೆ ಹೇಳದೆ ಬಿಟ್ಟದ್ದನ್ನು ಕಳೆದ ಕೆಲವು ದಶಕಗಳು ಸಾಕಷ್ಟು ಗಟ್ಟಿಯಾಗಿಯೇ ಹೇಳಿವೆ. 1999ರಲ್ಲಿ ನಾರ್ಥಾಂಪ್ಟನ್ ಟೌನ್ ಕ್ಲಬ್ಬಿನ ಕ್ರೀಡಾಂಗಣದ ಬಳಿ ಟಲ್ ಅವರ ಸ್ಮಾರಕ ಬಂತು. 2008ರಲ್ಲಿ ಬಿಬಿಸಿ ಅವರ ಬದುಕನ್ನು ಆಧರಿಸಿ ‘ವಾಲ್ಟರ್ಸ್ ವಾರ್’ ಎಂಬ ಚಿತ್ರ ತೋರಿಸಿತು. ಇತಿಹಾಸಕಾರ ಫಿಲ್ ವಸಿಲಿ ವರ್ಷಗಟ್ಟಲೆ ದಾಖಲೆಗಳನ್ನು ಹುಡುಕಿ ಜೀವನಚರಿತ್ರೆ ಬರೆದರು. ಮೈಕೆಲ್ ಮೊರ್ಪುರ್ಗೊ ಇದೇ ಬದುಕಿನಿಂದ ಪ್ರೇರಣೆ ಪಡೆದು 2012ರಲ್ಲಿ ‘ಎ ಮೆಡಲ್ ಫಾರ್ ಲೀರಾಯ್’ ಎಂಬ ಮಕ್ಕಳ ಕಾದಂಬರಿ ಪ್ರಕಟಿಸಿದರು. 2018ರಲ್ಲಿ, ಸತ್ತು ನೂರು ವರ್ಷವಾದಾಗ, ಬ್ರಿಟನ್ನಿನಲ್ಲಿ ಅಂಚೆಚೀಟಿಯೂ ಬಂತು.

ಜೀವನಚರಿತ್ರೆ ಎಂಬ ಪ್ರಕಾರದ ಮೇಲೆ ಸಂಶೋಧನೆ ಮಾಡುತ್ತಿರುವ ನನ್ನನ್ನು ಈ ಎರಡು ತುದಿಗಳ ನಡುವಿನ ಅಂತರ ಕಾಡುತ್ತದೆ. ಒಂದು ಕಡೆ ಏನನ್ನೂ ಹೇಳದ ಗೋಡೆ. ಇನ್ನೊಂದು ಕಡೆ ಎಲ್ಲವನ್ನೂ ಹೇಳಿಬಿಡುವ ಆತುರದ ಕಥನ. ಕಳೆದ ವರ್ಷ ನನ್ನ ಪ್ರಬಂಧದ ಒಂದು ಅಧ್ಯಾಯದ ಕರಡನ್ನು ಮಾರ್ಗದರ್ಶಕರಿಗೆ ಕೊಟ್ಟಿದ್ದೆ. ಅವರು ಅದರಲ್ಲಿ ಒಂದೇ ಒಂದು ಪದದ ಕೆಳಗೆ, ಅದು ಬಂದಲ್ಲೆಲ್ಲ, ಕೆಂಪು ಗೆರೆ ಎಳೆದು ವಾಪಸು ಕೊಟ್ಟರು. ಆ ಪದ ‘ಇರಬೇಕು’. ನೊಂದಿರಬೇಕು, ಹೆದರಿರಬೇಕು, ಹೆಮ್ಮೆಪಟ್ಟಿರಬೇಕು. ಕನ್ನಡದ ಈ ಕ್ರಿಯಾಪದ ನೋಡಲು ವಿನಯದ್ದು. ಊಹೆ ಎಂದು ಒಪ್ಪಿಕೊಂಡಂತೆ ಕಾಣುತ್ತದೆ. ಆದರೆ ಅದರೊಳಗೆ ‘ಬೇಕು’ ಇದೆ. ಆ ಮನುಷ್ಯ ಹಾಗೆಯೇ ಇರಬೇಕೆಂದು ಬರೆಯುವವರು ಬಯಸುತ್ತಿದ್ದಾರೆ ಎಂಬುದನ್ನು ಅದು ಹೇಳಿಬಿಡುತ್ತದೆ. ಟಲ್ ಅವರ ಬಗೆಗಿನ ಕಥನಗಳನ್ನು ಓದುವಾಗ ಈ ಪದ ನನ್ನ ಬೆನ್ನು ಬಿಡಲಿಲ್ಲ.

*

ಮೊದಲು ಗೊತ್ತಿರುವಷ್ಟನ್ನು ನೋಡೋಣ. ವಾಲ್ಟರ್ ಹುಟ್ಟಿದ್ದು 1888ರ ಏಪ್ರಿಲ್‌ನಲ್ಲಿ, ಇಂಗ್ಲೆಂಡಿನ ಕಡಲತೀರದ ಊರು ಫೋಕ್‌ಸ್ಟನ್‌ನಲ್ಲಿ. ತಂದೆ ಡೇನಿಯಲ್ ಬಾರ್ಬಡೋಸ್‌ನಿಂದ ಬಂದ ಬಡಗಿ. ಅವರ ತಂದೆತಾಯಿ ಅಲ್ಲಿನ ತೋಟಗಳಲ್ಲಿ ಗುಲಾಮರಾಗಿದ್ದವರು. ತಾಯಿ ಆಲಿಸ್ ಇಂಗ್ಲಿಷ್ ಹೆಂಗಸು. 1895ರಲ್ಲಿ ತಾಯಿ, ಎರಡು ವರ್ಷಗಳ ನಂತರ ತಂದೆ ತೀರಿಕೊಂಡರು. ಅಷ್ಟೂ ಮಕ್ಕಳನ್ನು ಸಾಕುವುದು ಮಲತಾಯಿಗೆ ಸಾಧ್ಯವಾಗಲಿಲ್ಲ. 1898ರಲ್ಲಿ ವಾಲ್ಟರ್ ಮತ್ತು ಅಣ್ಣ ಎಡ್ವರ್ಡ್ ಲಂಡನ್ನಿನ ಬೆತ್ನಲ್ ಗ್ರೀನ್‌ನಲ್ಲಿದ್ದ, ಮೆಥಡಿಸ್ಟರು ನಡೆಸುತ್ತಿದ್ದ ಅನಾಥಾಲಯ ಸೇರಿದರು. ಆಗ ವಾಲ್ಟರ್‌ಗೆ ಒಂಬತ್ತು ವರ್ಷ. ಸ್ವಲ್ಪ ಕಾಲದಲ್ಲೇ ಅಣ್ಣನನ್ನು ಗ್ಲಾಸ್ಗೋದ ಒಂದು ಕುಟುಂಬ ದತ್ತು ತೆಗೆದುಕೊಂಡಿತು. ಅಲ್ಲಿ ಆತ ಓದಿ ದಂತವೈದ್ಯನಾದ. ತಮ್ಮ ಅನಾಥಾಲಯದಲ್ಲೇ ಉಳಿದು ಮುದ್ರಣದ ಕೆಲಸ ಕಲಿತ, ಅಲ್ಲಿನ ತಂಡದಲ್ಲಿ ಚೆಂಡು ಒದೆಯುವುದನ್ನೂ ಕಲಿತ.

ಅಣ್ಣತಮ್ಮಂದಿರು ಬೇರೆಯಾದ ಆ ದಿನದ ಬಗ್ಗೆ ‘ಎದೆಯೊಡೆದಿರಬೇಕು’ ಎಂದು ಬರೆಯಲು ಯಾರ ಕೈಯಾದರೂ ತುಡಿಯುತ್ತದೆ. ಅದು ಸುಳ್ಳೂ ಆಗಿರಲಾರದು. ಆದರೆ ಆ ವಾಕ್ಯ ಬರೆದ ಕೂಡಲೇ ನಾವು ಆ ಹುಡುಗನಿಂದ ನಮ್ಮ ಕಡೆಗೆ ತಿರುಗಿರುತ್ತೇವೆ. ನಮ್ಮ ಕರುಣೆಯನ್ನು ನಾವೇ ನೋಡಿಕೊಳ್ಳುತ್ತಿರುತ್ತೇವೆ. ಅದಕ್ಕಿಂತ ಹೆಚ್ಚಿನದನ್ನು ಒಂದು ಪುಟ್ಟ ಸಂಗತಿ ಹೇಳುತ್ತದೆ. ಮುಂದೆ ಯುದ್ಧಭೂಮಿಯಿಂದಲೂ ಟಲ್ ಆ ಅನಾಥಾಲಯಕ್ಕೆ ಕಾಗದ ಬರೆಯುತ್ತಿದ್ದರು. ‘ಮನೆ’ ಎಂದರೆ ಏನು ಎಂಬ ಪ್ರಶ್ನೆಗೆ ಅವರೇ ಕೊಟ್ಟ ಉತ್ತರ ಇದು. ಇದಕ್ಕೆ ನಮ್ಮ ಊಹೆಯ ನೆರವು ಬೇಡ.

*

1908ರಲ್ಲಿ ಟಲ್ ಹವ್ಯಾಸಿ ತಂಡವಾದ ಕ್ಲ್ಯಾಪ್ಟನ್ ಸೇರಿದರು. ಒಂದೇ ಋತುವಿನಲ್ಲಿ ಆ ತಂಡ ಎಫ್‌ಎ ಅಮೆಚ್ಯೂರ್ ಕಪ್ ಸೇರಿ ಮೂರು ಪ್ರಶಸ್ತಿ ಗೆದ್ದಿತು. 1909ರಲ್ಲಿ ಟಾಟನ್‌ಹ್ಯಾಮ್ ಹಾಟ್‌ಸ್ಪರ್ ಅವರನ್ನು ವೃತ್ತಿಪರ ಆಟಗಾರನಾಗಿ ತೆಗೆದುಕೊಂಡಿತು. ಕರಾರಿಗೆ 10 ಪೌಂಡ್, ವಾರಕ್ಕೆ 4 ಪೌಂಡ್ ಸಂಬಳ. ಆ ಕಾಲದ ನಿಯಮದಲ್ಲಿ ಅದೇ ಗರಿಷ್ಠ. ಅಂದರೆ ಕೂಲಿಯ ವಿಷಯದಲ್ಲಿ ತಾರತಮ್ಯವಿರಲಿಲ್ಲ. ತಾರತಮ್ಯ ಗ್ಯಾಲರಿಯಿಂದ ಬಂತು.

1909ರ ಅಕ್ಟೋಬರ್‌ನಲ್ಲಿ ಬ್ರಿಸ್ಟಲ್ ಸಿಟಿ ವಿರುದ್ಧದ ಪಂದ್ಯದಲ್ಲಿ ಪ್ರೇಕ್ಷಕರ ಒಂದು ಗುಂಪು ಅವರ ಬಣ್ಣ ಹಿಡಿದು ಹೊಲಸು ಬೈಗುಳ ಬೈಯಿತು. ಇದು ನಮಗೆ ಗೊತ್ತಾಗುವುದು ‘ಫುಟ್‌ಬಾಲ್ ಸ್ಟಾರ್’ ಪತ್ರಿಕೆಯ ವರದಿಯಿಂದ. ವರದಿಗಾರ ನಿಸ್ಸಂದೇಹವಾಗಿ ಟಲ್ ಅವರ ಪರ. ಬೈದವರನ್ನು ಆತ ಖಂಡಿಸುತ್ತಾನೆ, ಅಂದು ಮೈದಾನದಲ್ಲಿದ್ದ ಮುನ್ಪಡೆ ಆಟಗಾರರಲ್ಲಿ ಇವರೇ ಉತ್ತಮ ಎನ್ನುತ್ತಾನೆ, ಬಿಳಿಯ ಆಟಗಾರರಿಗೆಲ್ಲ ಇವರು ಮಾದರಿ ಎಂಬ ಅರ್ಥದ ಮಾತನ್ನೂ ಆಡುತ್ತಾನೆ. ಟಲ್ ಬಗ್ಗೆ ಬರೆದವರೆಲ್ಲ ಈ ವರದಿಯನ್ನು ಎತ್ತಿಕೊಳ್ಳುತ್ತಾರೆ. ಎತ್ತಿಕೊಳ್ಳಲೇಬೇಕು.

ಆದರೆ ಇದನ್ನು ಸಾಕ್ಷಿಯಾಗಿ ಮಾತ್ರವಲ್ಲ, ಪಠ್ಯವಾಗಿಯೂ ಓದಬೇಕಲ್ಲವೇ? ಈ ಹೊಗಳಿಕೆಯಲ್ಲಿ ಒಂದು ಷರತ್ತು ಅಡಗಿದೆ. ಬೈಗುಳ ತಿಂದೂ ಸುಮ್ಮನಿದ್ದದ್ದರಿಂದ ಆತ ಮಾದರಿ. ತಿರುಗಿ ಬೈದಿದ್ದರೆ? ಗ್ಯಾಲರಿಯ ಕಡೆ ಬೆರಳು ತೋರಿಸಿದ್ದರೆ? ಬಿಳಿಯರ ಕೆಟ್ಟತನಕ್ಕೆ ಉತ್ತರವಾಗಿ ಕಪ್ಪು ಮನುಷ್ಯನ ತಾಳ್ಮೆಯನ್ನು ಮೆಚ್ಚುವುದು ಸುಲಭ, ಏಕೆಂದರೆ ಆ ತಾಳ್ಮೆಯ ಖರ್ಚು ಮೆಚ್ಚುವವರದಲ್ಲ. ಕೇರಿಯಿಂದ ಬಂದ ಹುಡುಗನನ್ನು ‘ಎಷ್ಟು ಸಭ್ಯ’ ಎಂದು ಹೊಗಳುವ ಮೇಷ್ಟರನ್ನು ಬಲ್ಲ ಕನ್ನಡದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವರದಿಯಲ್ಲಿ ಪ್ರೇಕ್ಷಕರ ದನಿ ಇದೆ, ವರದಿಗಾರನ ದನಿ ಇದೆ. ಟಲ್ ಅವರದು ಒಂದು ಮಾತೂ ಇಲ್ಲ.

ಆಮೇಲೆ ನಡೆದದ್ದೂ ಹೀಗೆಯೇ. ಟಲ್ ಮೊದಲ ತಂಡದಿಂದ ಹೊರಬಿದ್ದು ಮೀಸಲು ತಂಡಕ್ಕೆ ಹೋದರು. ಟಾಟನ್‌ಹ್ಯಾಮ್ ಪರ ಅವರು ಲೀಗಿನಲ್ಲಿ ಆಡಿದ್ದು ಒಟ್ಟು 10 ಪಂದ್ಯ, ಹೊಡೆದದ್ದು 2 ಗೋಲು. ಬ್ರಿಸ್ಟಲ್ ಗಲಾಟೆಗೆ ಕ್ಲಬ್ಬು ಅಂಜಿತೇ? ಹೊತ್ತುಗೊತ್ತು ನೋಡಿದರೆ ಹಾಗನ್ನಿಸುತ್ತದೆ, ಬಹಳಷ್ಟು ಕಥನಗಳು ಹಾಗೆಂದೇ ನಂಬಿಸುತ್ತವೆ. ಆಡಳಿತ ಮಂಡಳಿ ಇದೇ ಕಾರಣಕ್ಕೆ ಅವರನ್ನು ಕೈಬಿಟ್ಟಿತು ಎಂದು ಹೇಳುವ ಕಾಗದ ಮಾತ್ರ ಮುಂದೆ ಬಂದಿಲ್ಲ. ಇಲ್ಲಿ ‘ಇರಬಹುದು’ ಎನ್ನುವುದು ಪ್ರಾಮಾಣಿಕ. ‘ಇರಬೇಕು’ ಎಂದರೆ ನಾವು ವಕೀಲರಾಗುತ್ತೇವೆ. ಹಾಗೆ ವಾದಿಸದಿದ್ದರೆ ಜನಾಂಗದ್ವೇಷದ ತೀವ್ರತೆ ಕಮ್ಮಿಯಾಗುತ್ತದೆ ಎಂಬ ಭಯ ನಿರಾಧಾರ. ಯಾವ ಕಾರಣವನ್ನೂ ಬರೆದಿಡದೆ ಒಬ್ಬರನ್ನು ಪಕ್ಕಕ್ಕೆ ಸರಿಸಬಹುದು ಎಂಬುದೇ ಅದರ ಒಂದು ಲಕ್ಷಣ. ಕಾಗದ ಇಲ್ಲದಿರುವುದನ್ನು ಇಲ್ಲವೆಂದೇ ಬರೆದರೆ ಆ ಲಕ್ಷಣ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ.

*

1911ರಲ್ಲಿ ಟಲ್ ನಾರ್ಥಾಂಪ್ಟನ್ ಟೌನ್ ಸೇರಿದರು. ಅಲ್ಲಿನ ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್, ಮುಂದೆ ಹಡರ್ಸ್‌ಫೀಲ್ಡ್ ಮತ್ತು ಆರ್ಸೆನಲ್ ತಂಡಗಳನ್ನು ಕಟ್ಟಿ ಇಂಗ್ಲಿಷ್ ಫುಟ್‌ಬಾಲಿನ ದಿಕ್ಕು ಬದಲಿಸಿದವರು. ಟಲ್ ಇಲ್ಲಿ ಮೊದಲ ತಂಡಕ್ಕಾಗಿ 111 ಪಂದ್ಯ ಆಡಿ 9 ಗೋಲು ಹೊಡೆದರು. ಗೋಲು ಕಡಿಮೆ, ಏಕೆಂದರೆ ಅವರು ಈಗ ಹೆಚ್ಚಾಗಿ ಆಡುತ್ತಿದ್ದದ್ದು ಹಾಫ್‌ಬ್ಯಾಕ್ ಜಾಗದಲ್ಲಿ. ಎದುರಾಳಿಯ ಚೆಂಡು ಕಸಿದು ಮುಂದಿನವರಿಗೆ ಒದಗಿಸುವ, ಮರುದಿನದ ಪತ್ರಿಕೆಯ ತಲೆಬರಹಕ್ಕೆ ಸಿಗದ ದುಡಿಮೆ ಅದು.

ನನ್ನ ತಕರಾರು ಶುರುವಾಗುವುದು ಇಲ್ಲಿಂದ. ಟಲ್ ಅವರ ವೃತ್ತಿಯ ಬಹುಭಾಗ ಈ 111 ಪಂದ್ಯಗಳಲ್ಲಿದೆ. ಆದರೆ ಜನಪ್ರಿಯ ಕಥನಗಳು ಬ್ರಿಸ್ಟಲ್ಲಿನ ಒಂದು ಮಧ್ಯಾಹ್ನದ ಮೇಲೆ ಮನಸ್ಸಿಟ್ಟು, ನಾರ್ಥಾಂಪ್ಟನ್ನಿನ ಮೂರು ವರ್ಷಗಳನ್ನು ಒಂದು ಅಂಕಿಯಾಗಿ ದಾಟಿ ಸೀದಾ ಯುದ್ಧಕ್ಕೆ ಓಡುತ್ತವೆ. ಅವಮಾನಕ್ಕೂ ಹುತಾತ್ಮತೆಗೂ ಕಥೆಯಲ್ಲಿ ಜಾಗವಿದೆ. ನಡುವೆ ಒಬ್ಬ ಮನುಷ್ಯ ತನ್ನ ಕೆಲಸವನ್ನು ಚೆನ್ನಾಗಿ ಮಾಡುತ್ತ, ಸಂಬಳ ತೆಗೆದುಕೊಳ್ಳುತ್ತ, ಜೊತೆಗಾರರ ನಡುವೆ ಬದುಕಿದ್ದಕ್ಕೆ ಇಲ್ಲ. ಅಂಚಿನಲ್ಲಿದ್ದವರ ಬದುಕನ್ನು ನೋವು ಮತ್ತು ಸಾಧನೆ ಎಂಬ ಎರಡೇ ಖಾನೆಗಳಲ್ಲಿ ತುಂಬುವ ಅಭ್ಯಾಸ ನಮಗೆ ಎಷ್ಟು ಅಂಟಿದೆಯೆಂದರೆ, ಅವರ ದಿನನಿತ್ಯದ ದುಡಿಮೆ ನಮಗೆ ವಸ್ತುವಾಗಿಯೇ ತೋರುವುದಿಲ್ಲ. ನಾರ್ಥಾಂಪ್ಟನ್ನಿನ ಆ ವರ್ಷಗಳನ್ನು ನಿಧಾನವಾಗಿ ಬರೆಯುವುದು ಸಣ್ಣ ಕೆಲಸವಲ್ಲ. ಟಲ್ ಅವರಿಗೆ ಸಹಜವಾದ ಒಂದು ಬದುಕು ಸಾಧ್ಯವಿತ್ತು ಎಂಬುದಕ್ಕೆ ಅದೇ ಪುರಾವೆ.

*

1914ರ ಆಗಸ್ಟ್‌ನಲ್ಲಿ ಯುದ್ಧ ಶುರುವಾದರೂ ವೃತ್ತಿಪರ ಫುಟ್‌ಬಾಲ್ ನಿಲ್ಲಲಿಲ್ಲ. ಗಟ್ಟಿಮುಟ್ಟಾದ ಗಂಡಸರು ಚೆಂಡಾಡುತ್ತಿದ್ದಾರೆ ಎಂದು ಪತ್ರಿಕೆಗಳು ಛೀಮಾರಿ ಹಾಕಿದವು. ಆ ಒತ್ತಡದಲ್ಲೇ ಡಿಸೆಂಬರ್‌ನಲ್ಲಿ ಲಂಡನ್ನಿನ ಫುಲ್ಹಾಮ್ ಪುರಭವನದ ಸಭೆಯೊಂದರಲ್ಲಿ ‘ಫುಟ್‌ಬಾಲ್ ಬೆಟಾಲಿಯನ್’ ಹುಟ್ಟಿತು. ಸೇನೆಯ ಲೆಕ್ಕದಲ್ಲಿ ಅದು ಮಿಡ್ಲ್‌ಸೆಕ್ಸ್ ರೆಜಿಮೆಂಟಿನ 17ನೇ ಬೆಟಾಲಿಯನ್. ಅದೇ ತಿಂಗಳು ಟಲ್ ಸೇರಿದರು, ಬೇಗನೆ ಸಾರ್ಜೆಂಟ್ ಆದರು. 1915ರ ನವೆಂಬರ್‌ನಲ್ಲಿ ಬೆಟಾಲಿಯನ್ ಫ್ರಾನ್ಸಿಗೆ ಹೋಯಿತು.

ಮುಂಚೂಣಿಯಿಂದ ಅನಾಥಾಲಯಕ್ಕೆ ಬರೆದ ಒಂದು ಕಾಗದದಲ್ಲಿ ಟಲ್ ಹೇಳುವ ಮಾತು ಕುತೂಹಲಕರ. ವಿಶ್ರಾಂತಿಯೆಂದು ಹಿಂದಕ್ಕೆ ಕಳಿಸಿದಾಗಿನ ಬದುಕು ಬೇಸರ ಹುಟ್ಟಿಸುತ್ತದೆ, ಹುಡುಗರಿಗೆ ಕಂದಕಗಳ ಉತ್ಸಾಹವೇ ಇಷ್ಟ ಎಂಬುದು ಅದರ ಸಾರ. ಇದನ್ನು ಶೌರ್ಯವೆಂದು ಓದುವವರಿದ್ದಾರೆ. ನನಗೆ ಇದರಲ್ಲಿ ಕಾಗದ ತಲುಪುವ ಮನೆಯ ಮಕ್ಕಳನ್ನು ಹೆದರಿಸಬಾರದೆಂಬ ಎಚ್ಚರವೂ, ವಿಶ್ರಾಂತಿಯೆಂಬ ಪದದ ಬಗ್ಗೆ ಒಂದು ಸಣ್ಣ ನಗೆಯೂ ಕೇಳಿಸುತ್ತವೆ. ಇದೂ ಒಂದು ಊಹೆಯೇ. ಆದರೆ ಇದು ಅವರದೇ ಮಾತಿನ ಮೇಲೆ ನಿಂತ ಊಹೆ. ಅವರು ಆಡದ ಮಾತಿನ ಮೇಲೆ ಕಟ್ಟಿದ್ದಲ್ಲ.

ಏಕೆಂದರೆ ಕೆಲವೇ ತಿಂಗಳಲ್ಲಿ, 1916ರಲ್ಲಿ, ನಾವು ಇಂದು ಶೆಲ್ ಶಾಕ್ ಎಂದು ಕರೆಯುವ ಆಘಾತದಿಂದ ಅವರನ್ನು ಇಂಗ್ಲೆಂಡಿಗೆ ಚಿಕಿತ್ಸೆಗೆ ಕಳಿಸಲಾಯಿತು. ಸೇನೆಯ ವೈದ್ಯರು ಅದಕ್ಕೆ ಕೊಟ್ಟ ಹೆಸರು ತೀವ್ರ ಉನ್ಮಾದ. ಗುಣವಾದ ಮೇಲೆ ಮತ್ತೆ ಮುಂಚೂಣಿಗೆ, ಸೊಮ್ ಕಾಳಗಕ್ಕೆ. ಉತ್ಸಾಹದ ಆ ಕಾಗದ ಮತ್ತು ಉನ್ಮಾದವೆಂಬ ಈ ದಾಖಲೆ, ಎರಡನ್ನೂ ಪಕ್ಕಪಕ್ಕ ಇಟ್ಟರೆ ಸಾಕು. ನಡುವೆ ಏನಾಯಿತೆಂದು ಅವರು ಬರೆದಿಟ್ಟ ಮಾತು ನಮ್ಮ ಮುಂದಿಲ್ಲ. ಈ ಮೌನವನ್ನು ಸಂಭಾಷಣೆಯಿಂದ ತುಂಬುವುದು ಸಿನಿಮಾದ ಅನಿವಾರ್ಯತೆ. ಪಾತ್ರ ತೆರೆಯ ಮೇಲೆ ಸುಮ್ಮನೆ ನಿಲ್ಲಲಾಗದು. ಮೊರ್ಪುರ್ಗೊ ಹಿಡಿದ ದಾರಿ ಬೇರೆ. ಹೆಸರನ್ನೇ ಬದಲಿಸಿ, ತನ್ನ ಕುಟುಂಬದ ಗುಟ್ಟನ್ನು ತಡವಾಗಿ ತಿಳಿಯುವ ಮೊಮ್ಮಗನೊಬ್ಬನ ಕಥೆ ಮಾಡಿದರು. ಇದು ಕಲ್ಪನೆ ಎಂದು ಮೊದಲೇ ಒಪ್ಪಿಕೊಂಡ ಬರಹಕ್ಕೆ ‘ಇರಬೇಕು’ ಎಂಬ ಮುಸುಕು ಬೇಕಿಲ್ಲ.

*

1917ರ ಮೇ ತಿಂಗಳಲ್ಲಿ ಟಲ್ ಸೆಕೆಂಡ್ ಲೆಫ್ಟಿನೆಂಟ್ ಆದರು. ಅಪ್ಪಟ ಯುರೋಪಿಯನ್ ವಂಶದವರಿಗೆ ಮಾತ್ರ ಅಧಿಕಾರಿ ಹುದ್ದೆ ಎಂಬ ನಿಯಮ ಬ್ರಿಟಿಷ್ ಸೇನೆಯಲ್ಲಿದ್ದ ಕಾಲ ಅದು. ಭಾರತೀಯ ಓದುಗರಿಗೆ ಈ ಗೋಡೆ ಪರಿಚಿತ. ನಮ್ಮ ಸುಬೇದಾರರು, ಜಮಾದಾರರು ಎಷ್ಟೇ ವರ್ಷ ಸೇವೆ ಮಾಡಿದ್ದರೂ ಬಿಳಿಯ ಸೈನಿಕರಿಗೆ ಆಜ್ಞೆ ಕೊಡುವಂತಿರಲಿಲ್ಲ. ಬಣ್ಣದ ಆ ಅಡ್ಡಿಯನ್ನು ತೆಗೆದು ಒಂಬತ್ತು ಭಾರತೀಯರಿಗೆ ರಾಜನ ಹೆಸರಿನ ಕಮಿಷನ್ ಕೊಡುವುದಾಗಿ ಸರ್ಕಾರ ಘೋಷಿಸಿದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಈ ಲೇಖನ ಬರೆಯುತ್ತ ಟಲ್ ಅವರನ್ನು ‘ಅವನು’ ಎನ್ನಲೇ ‘ಅವರು’ ಎನ್ನಲೇ ಎಂದು ನಾನೂ ಕ್ಷಣ ಯೋಚಿಸಿದೆ. ಅನಾಥಾಲಯದ ಹುಡುಗನಿಗೆ ಏಕವಚನ, ಆಮೇಲೆ ಬಹುವಚನ ಎಂದು ತೀರ್ಮಾನಿಸಿದೆ. ಸೈನಿಕನ ಸೆಲ್ಯೂಟ್ ಕೂಡ ಒಂದು ಬಗೆಯ ಬಹುವಚನವೇ. ಅದನ್ನು ಯಾರಿಗೆ ಸಲ್ಲಿಸಬಾರದು ಎಂಬ ಬಗ್ಗೆಯೇ ಆ ನಿಯಮವಿದ್ದದ್ದು.

ಹಾಗಾಗಿ ಟಲ್ ‘ಬ್ರಿಟಿಷ್ ಸೇನೆಯ ಮೊದಲ ಕಪ್ಪು ಅಧಿಕಾರಿ’ ಎಂಬ ಹಣೆಪಟ್ಟಿ ಬಹುಕಾಲ ಚಾಲ್ತಿಯಲ್ಲಿತ್ತು. ನಂತರದ ಸಂಶೋಧನೆ ಇದನ್ನು ಅಲುಗಿಸಿದೆ. ಜಮೈಕಾ ಮೂಲದ ಡೇವಿಡ್ ಕ್ಲೆಮೆಟ್‌ಸನ್, ಜಾರ್ಜ್ ಬೆಮಂಡ್ ಇಬ್ಬರಿಗೂ 1915ರಲ್ಲೇ ಕಮಿಷನ್ ಸಿಕ್ಕಿತ್ತು. ಫುಟ್‌ಬಾಲಿನಲ್ಲೂ ಅಷ್ಟೆ. ಅಕ್ರಾದಲ್ಲಿ ಹುಟ್ಟಿದ ಗೋಲ್‌ಕೀಪರ್ ಆರ್ಥರ್ ವಾರ್ಟನ್ 1889ರಲ್ಲೇ ವೃತ್ತಿಪರ ಆಟಗಾರರಾಗಿದ್ದರು. ಹಾಗಾದರೆ ಟಲ್ ಎರಡನೆಯವರೋ ಮೂರನೆಯವರೋ ಆಗಿಬಿಟ್ಟರೆ ಅವರ ಬದುಕಿನ ಬೆಲೆ ಇಳಿಯುತ್ತದೆಯೇ? ಇಳಿಯುತ್ತದೆಂದು ಅನ್ನಿಸಿದರೆ, ನಾವು ಇಷ್ಟು ದಿನ ಓದಿದ್ದು ಬದುಕನ್ನಲ್ಲ, ದಾಖಲೆ ಪಟ್ಟಿಯನ್ನು. ‘ಮೊದಲಿಗ’ ಎಂಬ ಪದಕ್ಕೆ ಇನ್ನೊಂದು ಅಡ್ಡಪರಿಣಾಮವೂ ಇದೆ. ಬಾಗಿಲು ತೆರೆಯಿತು ಎಂಬ ಸಂತೋಷದಲ್ಲಿ, ಅದನ್ನು ಮುಚ್ಚಿಟ್ಟವರು ಯಾರು, ಆಮೇಲೆ ಮತ್ತೆ ಎಷ್ಟು ಕಾಲ ಮುಚ್ಚಿತ್ತು ಎಂಬ ಪ್ರಶ್ನೆಗಳು ಮರೆತುಹೋಗುತ್ತವೆ.

ಪದಕದ ವಿಷಯವೂ ಇದಕ್ಕೆ ಹತ್ತಿರದ್ದು. 1918ರ ಹೊಸವರ್ಷದ ಹೊತ್ತಿಗೆ ಇಟಲಿಯ ಪಿಯಾವೆ ನದಿ ದಾಟಿ ನಡೆಸಿದ ದಾಳಿಯಲ್ಲಿ ಟಲ್ ತಮ್ಮ 26 ಸೈನಿಕರನ್ನೂ ಸುರಕ್ಷಿತವಾಗಿ ಹಿಂದಕ್ಕೆ ಕರೆತಂದರು. ಮೇಜರ್ ಜನರಲ್ ಲಾಫರ್ಡ್ ಅವರ ಧೈರ್ಯವನ್ನೂ ಸಮಚಿತ್ತವನ್ನೂ ಲಿಖಿತವಾಗಿ ಮೆಚ್ಚಿಕೊಂಡರು. ಟಲ್ ಸತ್ತ ಮೇಲೆ ಜೊತೆಯ ಅಧಿಕಾರಿಯೊಬ್ಬರು ಅಣ್ಣ ಎಡ್ವರ್ಡ್‌ಗೆ ಬರೆದ ಕಾಗದದಲ್ಲಿ, ಅವರ ಹೆಸರು ಮಿಲಿಟರಿ ಕ್ರಾಸ್‌ಗೆ ಶಿಫಾರಸಾಗಿತ್ತು ಎಂದಿದೆ. ಆ ಶಿಫಾರಸಿನ ದಾಖಲೆ ಸಿಕ್ಕಿಲ್ಲ, ಪದಕವೂ ಬರಲಿಲ್ಲ. ಮರಣೋತ್ತರವಾಗಿಯಾದರೂ ಕೊಡಿ ಎಂಬ ಒತ್ತಾಯ ವರ್ಷಗಳಿಂದ ನಡೆದಿದೆ, ವಸಿಲಿ ಅವರೂ ಅದರ ಮುಂಚೂಣಿಯಲ್ಲಿದ್ದವರು.

ಕುಟುಂಬದವರು ಪದಕ ಕೇಳುವುದು ನ್ಯಾಯವೇ. ಅದನ್ನು ಹಗುರವಾಗಿ ಕಾಣುವ ಹಕ್ಕು ನನಗಿಲ್ಲ. ಆದರೆ ಸಾಹಿತ್ಯದ ವಿದ್ಯಾರ್ಥಿಯಾಗಿ ಒಂದು ಅಳುಕಿದೆ. ಕಥೆ ಪದಕದ ಸುತ್ತ ಹೆಣೆದುಕೊಂಡರೆ ಅನ್ಯಾಯಕ್ಕೆ ಒಂದು ಅಳತೆ ಸಿಕ್ಕಿಬಿಡುತ್ತದೆ. ಅದು ಅಂಗೈಯಷ್ಟು ಬೆಳ್ಳಿಯ ಬಾಕಿಯಾಗುತ್ತದೆ. ಬಾಕಿಯನ್ನು ಒಂದು ದಿನ ತೀರಿಸಬಹುದು, ತೀರಿಸಿ ಲೆಕ್ಕ ಮುಚ್ಚಬಹುದು. ಬ್ರಿಸ್ಟಲ್ಲಿನ ಗ್ಯಾಲರಿಯ ಲೆಕ್ಕ, ವಂಶದ ಕಾಲಂ ಇದ್ದ ಅರ್ಜಿ ನಮೂನೆಯ ಲೆಕ್ಕ ಹಾಗೆ ಮುಚ್ಚುವಂಥದ್ದಲ್ಲ.

*

ಟಲ್ ಅವರನ್ನು ಓದುವಾಗೆಲ್ಲ ನನಗೆ ನೆನಪಾಗುವುದು ಧಾರವಾಡದಲ್ಲಿ ಹುಟ್ಟಿದ ಕ್ರಿಕೆಟಿಗ ಪಾಲ್ವಂಕರ್ ಬಾಲೂ. ದಲಿತ ಕುಟುಂಬದ ಈ ಎಡಗೈ ಸ್ಪಿನ್ನರ್‌ಗೆ ಪುಣೆಯಲ್ಲಿ ಸಹ ಆಟಗಾರರು ಪೆವಿಲಿಯನ್ನಿನ ಹೊರಗೆ ಬೇರೆ ಕುಡಿಕೆಯಲ್ಲಿ ಚಹಾ ಕೊಡುತ್ತಿದ್ದರು. 1911ರ ಬೇಸಿಗೆಯಲ್ಲಿ ಬಾಲೂ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ತೆಗೆದರು. ಅದೇ ವರ್ಷ ಅದೇ ದೇಶದಲ್ಲಿ ಟಲ್ ಟಾಟನ್‌ಹ್ಯಾಮ್ ಬಿಟ್ಟು ನಾರ್ಥಾಂಪ್ಟನ್ನಿಗೆ ಹೊರಟರು. ಬಾಲೂ ಅವರ ಕಥೆಯನ್ನು ಇತಿಹಾಸದ ಧೂಳಿನಿಂದ ಎತ್ತಿ ತಂದವರು ರಾಮಚಂದ್ರ ಗುಹಾ.

ಇಬ್ಬರ ನಡುವೆ ಒಂದು ದೊಡ್ಡ ವ್ಯತ್ಯಾಸವಿದೆ. ಬಾಲೂ ಬಹುಕಾಲ ಬದುಕಿದರು. ರಾಜಕೀಯಕ್ಕೆ ಬಂದರು. ಒಂದು ಕಾಲಕ್ಕೆ ತಮ್ಮನ್ನು ಮೆಚ್ಚಿಕೊಂಡಿದ್ದ ಅಂಬೇಡ್ಕರ್ ವಿರುದ್ಧವೇ 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ನಿಂತು ಸೋತರು. ಅವರನ್ನು ಪ್ರತಿಮೆ ಮಾಡಹೊರಟವರಿಗೆ ಈ ಅಧ್ಯಾಯ ಇಂದಿಗೂ ಇರುಸುಮುರುಸು. ಆದರೆ ಇದೇ ಅವರನ್ನು ಮನುಷ್ಯನಾಗಿ ಉಳಿಸಿದ್ದು. ಬಾಲೂ ತಮ್ಮ ಚರಿತ್ರೆಕಾರರ ಇಷ್ಟಕ್ಕೆ ವಿರುದ್ಧವಾಗಿ ನಡೆಯಲು ಸಾಧ್ಯವಾಯಿತು. ಟಲ್‌ಗೆ ಆ ಅವಕಾಶ ಸಿಗಲಿಲ್ಲ. ಸತ್ತಾಗ ಅವರಿಗೆ 29 ವರ್ಷ. ಬದುಕಿದ್ದರೆ ಯುದ್ಧವನ್ನು ಶಪಿಸುತ್ತಿದ್ದರೋ, ಸಾಮ್ರಾಜ್ಯದ ನಿಷ್ಠಾವಂತನಾಗಿಯೇ ಉಳಿಯುತ್ತಿದ್ದರೋ, ತಮ್ಮನ್ನು ‘ಮೊದಲಿಗ’ ಎಂದವರಿಗೆ ಸುಮ್ಮನಿರಿ ಎನ್ನುತ್ತಿದ್ದರೋ! ಎಳೆಯ ವಯಸ್ಸಿನಲ್ಲಿ ಸತ್ತವರು ನಮ್ಮ ಯಾವ ವಾಕ್ಯವನ್ನೂ ತಿದ್ದುವುದಿಲ್ಲ. ಅವರ ಬಗ್ಗೆ ‘ಇರಬೇಕು’ ಎಂದು ಬರೆಯುವುದು ಅಷ್ಟು ಸಲೀಸಾಗಿರುವುದೂ, ಅದಕ್ಕೇ ಅಷ್ಟು ಎಚ್ಚರ ಬೇಕಿರುವುದೂ ಇದರಿಂದಲೇ.

1918ರ ಮಾರ್ಚ್ 25ರಂದು, ಜರ್ಮನರ ದೊಡ್ಡ ದಾಳಿಯೆದುರು ಬ್ರಿಟಿಷ್ ಪಡೆ ಹಿಂದೆ ಸರಿಯುತ್ತಿದ್ದಾಗ, ಫ್ರಾನ್ಸಿನ ಫಾವ್ರೊಯ್ ಎಂಬ ಹಳ್ಳಿಯ ಬಳಿ ಟಲ್‌ಗೆ ಗುಂಡು ತಗುಲಿತು. ಸೈನಿಕರು ಅವರನ್ನು ಹಿಂದಕ್ಕೆ ತರಲು ನೋಡಿದರು. ಅವರಲ್ಲಿ ಟಾಮ್ ಬಿಲ್ಲಿಂಗ್‌ಹ್ಯಾಮ್ ಎಂಬವನು ಹಿಂದೆ ಲೆಸ್ಟರ್ ಫಾಸ್ ತಂಡದ ಗೋಲ್‌ಕೀಪರ್ ಆಗಿದ್ದವನು ಎನ್ನುತ್ತಾರೆ. ಗುಂಡಿನ ಮಳೆಯಲ್ಲಿ ಒಂದಷ್ಟು ದೂರ ಎಳೆದು, ಕೊನೆಗೆ ಬಿಟ್ಟುಬರಬೇಕಾಯಿತು. ದೇಹ ಮತ್ತೆ ಸಿಗಲಿಲ್ಲ.

ನನ್ನ ಕರಡನ್ನು ಈಗ ಮತ್ತೆ ಬರೆಯುತ್ತಿದ್ದೇನೆ. ಟಲ್ ಅವರ ಭಾಗದಲ್ಲಿ ಈ ಸಲ ನಾರ್ಥಾಂಪ್ಟನ್ನಿಗೆ ಹೆಚ್ಚು ಪುಟ, ಪದಕಕ್ಕೆ ಕಡಿಮೆ. ಗೊತ್ತಿಲ್ಲದ ಜಾಗಗಳಲ್ಲಿ ‘ಇರಬಹುದು’ ಎಂದಷ್ಟೇ ಬರೆದು ಮುಂದೆ ಹೋಗುತ್ತಿದ್ದೇನೆ.